ಕುರುಹಿಲ್ಲದ ನೋವು

ಮೈಕೈ ನೋವೆಂಬುದು ನಮ್ಮ ಮನೆಮನೆಗಳಲ್ಲಿ ದಿನವೂ ಕೇಳಿಬರುವ ಮಾತು. ಗದ್ದೆಯಲ್ಲಿ ನಾಟಿ ಮುಗಿಸಿ ಬಂದವರು, ಮದುವೆ ಮನೆಯ ಅಡಿಗೆ ಮಾಡಿ ದಣಿದವರು, ಜ್ವರ ಬಿಟ್ಟು ಎದ್ದವರು, ಎಲ್ಲರೂ ಅದನ್ನು ಬಲ್ಲರು. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದುಕೊಂಡು, ಒಂದು ರಾತ್ರಿ ಮಲಗಿ ಎದ್ದರೆ ಅದು ಹೋಗುತ್ತದೆ. ಆದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡದ ಮೈಕೈ ನೋವೂ ಉಂಟು. ಅದು ಹಿಡಿದವರಿಗೆ ರಾತ್ರಿಯೆಲ್ಲ ಮಲಗಿದ್ದರೂ ಬೆಳಗ್ಗೆ ದಣಿವು ತೀರಿರುವುದಿಲ್ಲ. ಹಿಡಿದ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ತಲೆನೋವು, ಹೊಟ್ಟೆಯ ತೊಂದರೆ ಜೊತೆಗೂಡುತ್ತವೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸುತ್ತಾರೆ, ಕ್ಷ-ಕಿರಣದ ಚಿತ್ರ ತೆಗೆಸುತ್ತಾರೆ. ಎಲ್ಲವೂ ಸರಿಯಾಗಿಯೇ ಇರುತ್ತದೆ. ‘ನಿಮಗೇನೂ ಇಲ್ಲ’ ಎಂಬ ಮಾತನ್ನು ಕೇಳಿಕೊಂಡು ರೋಗಿ ಮನೆಗೆ ಹಿಂದಿರುಗಿದರೆ ಅಲ್ಲಿಯೂ ಅದೇ ಮಾತು. ಈ ಸ್ಥಿತಿಗೆ ವೈದ್ಯಶಾಸ್ತ್ರ ಇಂದು ಕೊಟ್ಟಿರುವ ಹೆಸರು ಫೈಬ್ರೊಮಯಾಲ್ಜಿಯ. ಈ ಹೆಸರು ಹೇಗೆ ಬಂತು, ಇದರ ಹಿಂದಿನ ಶೋಧನೆ ಯಾವ ಯಾವ ದಾರಿ ಹಿಡಿಯಿತು ಎಂಬುದನ್ನು ತಿಳಿದರೆ, ನೋವೆನ್ನುವವರ ಮಾತನ್ನು ನಾವು ಕೇಳುವ ಬಗೆಯೂ ಸ್ವಲ್ಪ ಬದಲಾದೀತು.

ಕಥೆ 1904ರಲ್ಲಿ, ಲಂಡನ್ನಿನಲ್ಲಿ ಆರಂಭವಾಗುತ್ತದೆ. ಸರ್ ವಿಲಿಯಂ ಗೌವರ್ಸ್ ಆ ಕಾಲದ ನರರೋಗ ತಜ್ಞರಲ್ಲಿ ಅಗ್ರಗಣ್ಯರು. ಸೊಂಟನೋವನ್ನು ಕುರಿತು ಅವರು ಮಾಡಿದ ಉಪನ್ಯಾಸವೊಂದು ಆ ವರ್ಷದ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಅಚ್ಚಾಯಿತು. ಸ್ನಾಯುಗಳ ನಡುವಣ ನಾರಿನಂಥ ಭಾಗದಲ್ಲಿ ಉರಿಯೂತ ಉಂಟಾಗುವುದರಿಂದಲೇ ಇಂಥ ನೋವು ಬರುತ್ತದೆ ಎಂದು ಅವರು ಊಹಿಸಿ, ಅದಕ್ಕೆ ‘ಫೈಬ್ರೊಸೈಟಿಸ್’ ಎಂಬ ಹೊಸ ಪದವನ್ನು ಕಟ್ಟಿದರು. ಪದದ ಕೊನೆಯ ‘ಐಟಿಸ್’ ಎಂಬುದಕ್ಕೆ ಉರಿಯೂತವೆಂದೇ ಅರ್ಥ. ಅದೇ ವರ್ಷ ಗ್ಲಾಸ್ಗೋ ನಗರದ ರಾಲ್ಫ್ ಸ್ಟಾಕ್‌ಮನ್ ಎಂಬವರು ರೋಗಿಗಳ ಮೈಯಲ್ಲಿ ಕೈಗೆ ಸಿಕ್ಕುವ ಸಣ್ಣ ಗಂಟುಗಳನ್ನು ಕತ್ತರಿಸಿ ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಉರಿಯೂತದ ಚಿಹ್ನೆ ಕಂಡಿತೆಂದು ವರದಿ ಮಾಡಿದರು. ಊಹೆಗೆ ಸಾಕ್ಷಿ ಸಿಕ್ಕಿದಂತಾಯಿತು, ಹೆಸರು ನೆಲೆಯೂರಿತು. ಆದರೆ ತರುವಾಯ ಹುಡುಕಿದವರಿಗೆ ಸ್ಟಾಕ್‌ಮನ್ ಕಂಡದ್ದು ಕಾಣಲಿಲ್ಲ. ಸ್ನಾಯು ಆರೋಗ್ಯವಾಗಿಯೇ ಇತ್ತು.

ಇಲ್ಲಿಂದ ಶೋಧ ಎರಡು ಕಡೆಗೆ ಹರಿಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ಸರ್ ಥಾಮಸ್ ಲೂಯಿಸರ ಬಳಿ ಕೆಲಸ ಮಾಡುತ್ತಿದ್ದ ಜೋನಾಸ್ ಕೆಲ್‌ಗ್ರೆನ್ ಎಂಬ ತರುಣ ವೈದ್ಯರು ಆರೋಗ್ಯವಂತರ ಸ್ನಾಯುಗಳಿಗೆ ಉಪ್ಪುನೀರನ್ನು ಚುಚ್ಚಿ ನೋಡಿದರು. ನೋವು ಸೂಜಿ ಹೊಕ್ಕ ಜಾಗದಲ್ಲಿ ಮಾತ್ರ ನಿಲ್ಲದೆ ದೂರದ ಭಾಗಗಳಲ್ಲಿಯೂ ಕಾಣಿಸಿಕೊಂಡಿತು. 1938ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ನೋಯುವ ಜಾಗವೇ ನೋವಿನ ಮೂಲವಾಗಿರಬೇಕಾಗಿಲ್ಲ ಎಂಬ ಪಾಠ ದೊರೆಯಿತು.

ಇನ್ನೊಂದು ದಾರಿ ರೋಗಿಗೆ ಅಷ್ಟು ಹಿತವಾದುದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಮೈನೋವೆಂದು ಆಸ್ಪತ್ರೆಗೆ ಬಂದ ಸೈನಿಕರಲ್ಲಿ ಅನೇಕರಿಗೆ ಯಾವ ದೋಷವೂ ಕಾಣದಿದ್ದಾಗ, ಅಮೆರಿಕದ ಸೇನಾ ವೈದ್ಯರಾದ ಬೋಲಂಡ್ ಮತ್ತು ಕಾರ್ 1943ರಲ್ಲಿ ಇದನ್ನು ‘ಮನೋಜನ್ಯ ವಾತ’ ಎಂಬ ಅರ್ಥದ ಹೆಸರಿನಿಂದ ಕರೆದರು. ಮನಸ್ಸಿಗೂ ನೋವಿಗೂ ನಂಟಿರುವುದೇನೋ ನಿಜ. ಆದರೆ ‘ಮನಸ್ಸಿನಿಂದ ಬಂದದ್ದು’ ಎಂಬುದು ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ‘ಇಲ್ಲದ್ದು’ ಎಂದಾಗಿಬಿಡುತ್ತದೆ. ಈ ರೋಗಿಗಳಲ್ಲಿ ಹೆಂಗಸರ ಸಂಖ್ಯೆ ಹೆಚ್ಚು. ಆ ಮಾತಿನ ಭಾರವೂ ಹೆಚ್ಚಾಗಿ ಅವರ ಮೇಲೆಯೇ ಬಿತ್ತು.

ದಾರಿ ತಿರುಗಿದ್ದು ನಿದ್ರೆಯ ಮೂಲಕ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಮನೋವೈದ್ಯರಾದ ಹಾರ್ವಿ ಮಾಲ್ಡಾಫ್‌ಸ್ಕಿ, ಕೀಲುರೋಗ ತಜ್ಞರಾದ ಹ್ಯೂ ಸ್ಮೈತ್ ಮತ್ತು ಅವರ ಜೊತೆಯವರು ರೋಗಿಗಳನ್ನು ಮಲಗಿಸಿ, ಅವರ ಮಿದುಳಿನ ವಿದ್ಯುತ್ ಅಲೆಗಳನ್ನು ರಾತ್ರಿಯೆಲ್ಲ ಗುರುತಿಸಿದರು. ಗಾಢನಿದ್ರೆಯ ನಿಧಾನವಾದ ಅಲೆಗಳ ನಡುವೆ ಎಚ್ಚರದ ಕಾಲದ ಅಲೆಗಳು ನುಗ್ಗುತ್ತಿದ್ದುವು. ಅನಂತರ ಅವರು ಆರೋಗ್ಯವಂತ ವಿದ್ಯಾರ್ಥಿಗಳನ್ನು ಮಲಗಿಸಿ, ಗಾಢನಿದ್ರೆಗೆ ಇಳಿಯುತ್ತಲೇ ಶಬ್ದಮಾಡಿ ಅದನ್ನು ಕೆಡಿಸಿದರು. ಕೆಲವೇ ರಾತ್ರಿಗಳಲ್ಲಿ ಆ ವಿದ್ಯಾರ್ಥಿಗಳಿಗೂ ಮೈಕೈ ನೋವು, ಆಯಾಸ ಕಾಣಿಸಿಕೊಂಡುವು. ಮಲಗಿ ಎದ್ದರೂ ದಣಿವು ಆರುವುದಿಲ್ಲವೆಂದು ರೋಗಿಗಳು ಹೇಳುತ್ತಿದ್ದ ಮಾತಿಗೆ 1975ರಲ್ಲಿ ಹೀಗೆ ಕಾಗದದ ಮೇಲಿನ ಗೆರೆಯಾಗಿ ಸಾಕ್ಷಿ ದೊರೆಯಿತು.

ಮರುವರ್ಷ, 1976ರಲ್ಲಿ, ಅಮೆರಿಕದ ಡಾಕ್ಟರ್ ಹೆಂಚ್ ಎಂಬವರು ಹಳೆಯ ಹೆಸರನ್ನು ಬಿಟ್ಟು ‘ಫೈಬ್ರೊಮಯಾಲ್ಜಿಯ’ ಎಂದು ಕರೆದರು. ನಾರು, ಸ್ನಾಯು, ನೋವು, ಇಷ್ಟೇ ಅದರ ಅರ್ಥ. ಉರಿಯೂತವೆಂಬುದು ಹೆಸರಿನಿಂದ ಹೋಯಿತು. ಇಲ್ಲಿ ಒಂದು ಸ್ವಾರಸ್ಯವಿದೆ. ಇವರ ತಂದೆ ಫಿಲಿಪ್ ಹೆಂಚ್ ಅವರು ಉರಿಯೂತವನ್ನು ಅಡಗಿಸುವ ಕಾರ್ಟಿಸೋನನ್ನು ಕೀಲುವಾತದ ರೋಗಿಗಳಿಗೆ ಕೊಟ್ಟು, 1950ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದವರು. ಅದೇ ಜಾತಿಯ ಪ್ರೆಡ್ನಿಸೋನ್ ಎಂಬ ಔಷಧವನ್ನು ಫೈಬ್ರೊಮಯಾಲ್ಜಿಯ ರೋಗಿಗಳಿಗೆ ಕೊಟ್ಟು ಪರೀಕ್ಷಿಸಿದ ವರದಿ 1985ರಲ್ಲಿ ಬಂತು, ಪ್ರಯೋಜನವಾಗಿರಲಿಲ್ಲ. ಉರಿಯೂತವಲ್ಲದ ನೋವನ್ನು ಉರಿಯೂತದ ಮದ್ದು ಹೇಗೆ ನೀಗೀತು?

ಹೆಸರು ಬಂದ ಮೇಲೆ ಗುರುತಿಸುವ ಕ್ರಮ ಬೇಕಾಯಿತು. 1981ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಮಹಮ್ಮದ್ ಯೂನುಸ್ ಮತ್ತು ಸಂಗಡಿಗರು 50 ರೋಗಿಗಳನ್ನೂ ಅಷ್ಟೇ ಮಂದಿ ಆರೋಗ್ಯವಂತರನ್ನೂ ಹೋಲಿಸಿ ನೋಡಿದರು. ಆಯಾಸ, ನಿದ್ರಾದೋಷ, ತಲೆನೋವು, ಕರುಳಿನ ಕಿರಿಕಿರಿ ಇವು ಆ ನೋವಿನ ಜೊತೆಗಾರರೆಂಬುದು ಆಗ ಸ್ಪಷ್ಟವಾಯಿತು. ತರುವಾಯ 16 ಕೇಂದ್ರಗಳಲ್ಲಿ 293 ರೋಗಿಗಳನ್ನೂ, ಹೋಲಿಕೆಗಾಗಿ 265 ಇತರರನ್ನೂ ಪರೀಕ್ಷಿಸಿ, 1990ರಲ್ಲಿ ಅಮೆರಿಕದ ವಾತರೋಗ ತಜ್ಞರ ಸಂಸ್ಥೆ ಒಂದು ನಿಯಮವನ್ನು ಹೊರಡಿಸಿತು: ಮೂರು ತಿಂಗಳಾದರೂ ಮೈತುಂಬ ನೋವಿರಬೇಕು, ಗೊತ್ತುಮಾಡಿದ 18 ಜಾಗಗಳಲ್ಲಿ ಸುಮಾರು 4 ಕಿಲೋಗ್ರಾಮಿನ ಭಾರದಷ್ಟು ಒತ್ತಿದರೆ 11 ಕಡೆಯಾದರೂ ನೋಯಬೇಕು. ಒತ್ತುವ ಹೆಬ್ಬೆರಳಿನ ಉಗುರು ಬಿಳಿಚಿಕೊಂಡರೆ ಅಷ್ಟು ಭಾರ ಬಿದ್ದಿತೆಂದು ಲೆಕ್ಕ.

ಮುಂದಿನ ಹೆಜ್ಜೆಯಲ್ಲಿ ರೋಗಿಯ ಹೆಬ್ಬೆರಳೇ ಪರೀಕ್ಷೆಗೆ ಒಳಗಾಯಿತು. ರಿಚರ್ಡ್ ಗ್ರೇಸ್ಲಿ, ಡೇನಿಯಲ್ ಕ್ಲಾ ಮೊದಲಾದವರು 16 ರೋಗಿಗಳ ಮತ್ತು 16 ಆರೋಗ್ಯವಂತರ ಹೆಬ್ಬೆರಳ ಉಗುರನ್ನು ಒತ್ತುತ್ತ, ಮಿದುಳಿನೊಳಗಣ ರಕ್ತದ ಓಟವನ್ನು ಎಂ.ಆರ್.ಐ. ಯಂತ್ರದಲ್ಲಿ ನೋಡಿದರು. ಆರೋಗ್ಯವಂತರಿಗೆ ಬಹುಮಟ್ಟಿಗೆ ಇಮ್ಮಡಿ ಒತ್ತಿದಾಗ ಆಗುವಷ್ಟು ನೋವು ರೋಗಿಗಳಿಗೆ ಕಡಿಮೆ ಒತ್ತಡದಲ್ಲಿಯೇ ಆಗುತ್ತಿತ್ತು. ಮಿದುಳಿನ ಚಿತ್ರವೂ ಅವರ ಮಾತಿಗೆ ಹೊಂದಿಕೊಂಡಿತು. ಇದು 2002ರಲ್ಲಿ ಪ್ರಕಟವಾಯಿತು. ನಿಮ್ಮ ರೇಡಿಯೋದ ಧ್ವನಿಯ ತಿರುಪನ್ನು ಯಾರೋ ತುದಿಗೆ ತಿರುಗಿಸಿಟ್ಟರೆ, ನಿಲಯದವರು ಮೆಲ್ಲಗೆ ಆಡಿದ ಮಾತೂ ಕಿವಿಗೆ ಅಪ್ಪಳಿಸುವುದಷ್ಟೆ. ಈ ರೋಗಿಗಳಲ್ಲಿ ನರಗಳು ತರುವ ಸುದ್ದಿ ಹೀಗೆ ಹಿಗ್ಗುತ್ತದೆ ಎಂಬುದು ಈಗ ಬಹುಮಂದಿ ಸಂಶೋಧಕರ ಅಭಿಪ್ರಾಯ.

ಇದಕ್ಕೆ ಅನುಗುಣವಾಗಿ ಔಷಧಗಳೂ ಬಂದುವು. ನರಗಳ ಮೇಲೆ ಕೆಲಸ ಮಾಡುವ ಪ್ರೆಗಾಬಲಿನ್‌ಗೆ 2007ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ದೊರೆಯಿತು. ಮುಂದಿನ ಎರಡು ವರ್ಷಗಳಲ್ಲಿ ಇನ್ನೆರಡು ಔಷಧಗಳಿಗೂ ದೊರೆಯಿತು. ಇವು ಕೆಲವರಿಗೆ ನೋವನ್ನು ತಗ್ಗಿಸುತ್ತವೆಯೇ ಹೊರತು ರೋಗವನ್ನು ಬುಡಸಹಿತ ಕೀಳುವುದಿಲ್ಲ. ಯೂರೋಪಿನ ವಾತರೋಗ ತಜ್ಞರ ಸಂಸ್ಥೆ ಎಲ್ಲ ಚಿಕಿತ್ಸೆಗಳನ್ನೂ ತೂಗಿ ನೋಡಿ ಪ್ರಕಟಿಸಿದ ಸಲಹೆಗಳಲ್ಲಿ, ಬಲವಾದ ಶಿಫಾರಸು ದೊರೆತದ್ದು ವ್ಯಾಯಾಮವೊಂದಕ್ಕೇ. ನೋಯುವ ಮೈಗೆ ವ್ಯಾಯಾಮವೇ ಎಂದು ನೀವು ಬೆರಗಾಗಬಹುದು. ತಾಳುವಷ್ಟರಿಂದ ಮೊದಲುಮಾಡಿ ನಿಧಾನವಾಗಿ ಏರಿಸಬೇಕೆಂಬುದೇ ಅದರ ಗುಟ್ಟು.

2010ರಲ್ಲಿ ಗುರುತಿಸುವ ನಿಯಮವೂ ಬದಲಾಯಿತು. ಒತ್ತಿ ನೋಡುವ ಪರೀಕ್ಷೆಯನ್ನು ಬಿಟ್ಟು, ಮೈಯ 19 ಭಾಗಗಳಲ್ಲಿ ಎಲ್ಲೆಲ್ಲಿ ನೋವು, ಆಯಾಸ ಎಷ್ಟು, ನಿದ್ರೆ ಹೇಗೆ, ನೆನಪು ಹೇಗೆ ಎಂದು ರೋಗಿಯನ್ನೇ ಕೇಳಿ ಅಂಕ ಹಾಕುವ ಕ್ರಮ ಬಂತು. ವೈದ್ಯನ ಬೆರಳಿಗೆ ಇದ್ದ ಅಧಿಕಾರ ರೋಗಿಯ ಮಾತಿಗೆ ಬಂತೆನ್ನಬಹುದು. ಇದು ಒಂದೇ ರೋಗವೇ, ಹಲವು ತೊಂದರೆಗಳ ಕೂಟವೇ ಎಂಬ ವಾದ ಮಾತ್ರ ಮುಗಿದಿಲ್ಲ. 2021ರಲ್ಲಿ ಇಂಗ್ಲೆಂಡ್ ಮತ್ತು ಸ್ವೀಡನ್ನಿನ ಸಂಶೋಧಕರು ರೋಗಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ, ಒತ್ತಡವನ್ನೂ ಚಳಿಯನ್ನೂ ಅವು ತಾಳದಾದುವು. ಆರೋಗ್ಯವಂತರ ಪ್ರತಿಕಾಯಗಳಿಂದ ಹಾಗಾಗಲಿಲ್ಲ. ಮಿದುಳಿನ ಕಡೆ ತಿರುಗಿದ್ದ ದೃಷ್ಟಿ ಈಗ ರಕ್ತದ ಕಡೆಗೂ ಹರಿದಿದೆ.

ಗಂಟು, ಮನಸ್ಸು, ನಿದ್ರೆ, ಮಿದುಳು, ರಕ್ತ: ಹುಡುಕುವವರ ಕೈಯಲ್ಲಿದ್ದ ಸಾಧನ ಬದಲಾದಂತೆಲ್ಲ ರೋಗದ ಮನೆಯೂ ಬದಲಾಯಿತು. ಇಷ್ಟು ಕಾಲವೂ ಬದಲಾಗದೆ ನಿಂತದ್ದು ನೋವುಂಡವರು ಹೇಳಿಕೊಂಡ ಲಕ್ಷಣಗಳು. ಬಹುಕಾಲದ ನೋವೆಲ್ಲ ಫೈಬ್ರೊಮಯಾಲ್ಜಿಯವೇ ಎಂದು ಭಾವಿಸಬಾರದು. ಥೈರಾಯಿಡ್ ದೋಷ, ಕೀಲುವಾತ ಮುಂತಾದುವು ಇಲ್ಲವೆಂದು ವೈದ್ಯರು ನೋಡಲೇಬೇಕು. ಆದರೆ ಪರೀಕ್ಷೆಗಳೆಲ್ಲ ಮುಗಿದ ಮೇಲೆ ‘ನಮಗೇನೂ ಕಾಣಲಿಲ್ಲ’ ಎನ್ನುವುದು ಒಂದು, ‘ನಿಮಗೇನೂ ಇಲ್ಲ’ ಎನ್ನುವುದು ಇನ್ನೊಂದು. ನಿಮ್ಮ ಮನೆಯಲ್ಲಿ ಅಂಥವರು ಯಾರಾದರೂ ಇದ್ದರೆ, ಎರಡನೆಯ ಮಾತನ್ನು ಆಡುವ ಮುನ್ನ ಈ ಚರಿತ್ರೆಯನ್ನು ಒಮ್ಮೆ ನೆನೆಯಿರಿ.