ಎನ್+1 ಕ್ವೆರಿ ಸಮಸ್ಯೆ

ಆಬ್ಜೆಕ್ಟ್-ರಿಲೇಶನಲ್ ಮ್ಯಾಪಿಂಗ್ ಲೈಬ್ರರಿಗಳಲ್ಲಿ ಒಂದೇ ಕ್ವೆರಿಯಲ್ಲಿ ಮುಗಿಯಬೇಕಾದ ಕೆಲಸ ಹತ್ತಾರು, ನೂರಾರು ಕ್ವೆರಿಗಳಾಗಿ ಒಡೆದು ಡೇಟಾಬೇಸಿಗೆ ಹೊರೆಯಾಗುವ ದೋಷ. 2001ರಲ್ಲಿ ಗ್ಯಾವಿನ್ ಕಿಂಗ್ ಆರಂಭಿಸಿದ ಜಾವಾ ಲೈಬ್ರರಿ ಹೈಬರ್ನೇಟ್ ಬಳಸುವವರಿಗೆ ಇದು ಪದೇ ಪದೇ ಎದುರಾಗುತ್ತದೆ.

ಉದಾಹರಣೆಗೆ, 100 ಲೇಖಕರ ಪಟ್ಟಿ ತರಲು ಒಂದು ಕ್ವೆರಿ. ಆಮೇಲೆ ಲೂಪಿನೊಳಗೆ ಪ್ರತಿ ಲೇಖಕರ ಪುಸ್ತಕಗಳಿಗೆ ತಲಾ ಒಂದು. ಒಟ್ಟು 101. ಕೋಡಿನಲ್ಲಿ ತಪ್ಪು ಕಾಣುವುದಿಲ್ಲ, ಫಲಿತಾಂಶವೂ ಸರಿಯಾಗಿಯೇ ಬರುತ್ತದೆ. ಬೆರಳೆಣಿಕೆಯ ಸಾಲುಗಳಿರುವ ಪರೀಕ್ಷಾ ಡೇಟಾಬೇಸಿನಲ್ಲಿ ವಿಳಂಬವೂ ಗೊತ್ತಾಗದು. ಹಾಗಾಗಿ ಪತ್ತೆಯ ಮೊದಲ ಹೆಜ್ಜೆ ಎಸ್‌ಕ್ಯೂಎಲ್ ಲಾಗ್ ತೆರೆಯುವುದು: ಐಡಿಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹೊತ್ತ ಅದೇ ಸೆಲೆಕ್ಟ್ ಸಾಲುಸಾಲಾಗಿ ಮರುಕಳಿಸಿದರೆ ದೋಷ ಬಹುತೇಕ ಖಚಿತ.

ಜಾವಾದ ಮ್ಯಾಪಿಂಗ್ ಮಾನದಂಡವಾದ ಜೆಪಿಎ ನಿಯಮದಂತೆ ಒನ್-ಟು-ಮೆನಿ ಸಂಬಂಧ ತಾನಾಗಿಯೇ ಲೇಜಿ (ಬೇಕಾದಾಗ ಮಾತ್ರ ತರುವುದು), ಮೆನಿ-ಟು-ಒನ್ ಈಗರ್ (ಮೊದಲೇ ತರುವುದು). ಮ್ಯಾಪಿಂಗಿನಲ್ಲಿ ಎಲ್ಲವನ್ನೂ ಈಗರ್ ಮಾಡಿದರೆ ಸಮಸ್ಯೆ ನೀಗುವುದಿಲ್ಲ. ಜೆಪಿಎಯ ಕ್ವೆರಿ ಭಾಷೆ ಜೆಪಿಕ್ಯೂಎಲ್‌ನಲ್ಲಿ ಕ್ವೆರಿ ಬರೆದಾಗ ಹೈಬರ್ನೇಟ್ ಆಗಲೂ ಪ್ರತ್ಯೇಕ ಸೆಲೆಕ್ಟ್‌ಗಳನ್ನೇ ಕಳಿಸುತ್ತದೆ.

ಕ್ವೆರಿಯಲ್ಲೇ, ಪುಸ್ತಕಗಳನ್ನು ಲೇಖಕರ ಜೊತೆಗೇ ತರುವ ಜಾಯಿನ್ ಫೆಚ್ ಬಳಸಿದರೆ 101 ಒಂದಕ್ಕಿಳಿಯುತ್ತದೆ. ಆದರೆ ಅದಕ್ಕೆ ಪುಟ ವಿಂಗಡಣೆಯನ್ನೂ ಸೇರಿಸಿದರೆ ಹೈಬರ್ನೇಟ್ ಎಲ್ಲ ಸಾಲುಗಳನ್ನು ಮೆಮೊರಿಗೆ ತಂದು ಅಲ್ಲಿ ಪುಟ ಮಾಡುತ್ತದೆ. ಅಂಥಲ್ಲಿ ಒಂದು ಕ್ವೆರಿಗೆ ಎಷ್ಟು ಲೇಖಕರ ಪುಸ್ತಕ ತರಬೇಕೆಂದು ಹೇಳುವ ಬ್ಯಾಚ್ ಸೈಜ್ 25 ಎಂದು ಕೊಡುವುದು ಲೇಸು. 100 ಲೇಖಕರ ಪುಸ್ತಕಗಳು ನಾಲ್ಕೇ ಕ್ವೆರಿಗಳಲ್ಲಿ ಬರುತ್ತವೆ.