ರಂಗೀನ್ ಮಹಲಿನ ಗೋಡೆ, ನಮ್ಮ ಗೋಡೆ

ಪೋಸ್ಟ್ ಸ್ವಲ್ಪ ಉದ್ದ ಅದ, ಪೂರ್ತಿ ಓದ್ರಿ.

ಭಾಲ್ಕಿ, ಔರಾದ್ ಕಡೆಯಿಂದ ಬೀದರ್ ಕೋಟೆ ನೋಡೋಕೆ ಬರೋ ನಮ್ಮ ಹುಡುಗರು ಗುಂಬಜ್ ದರ್ವಾಜಾದಲ್ಲಿ ಫೋಟೊ ತಗೊಂಡು ಮುಂದೆ ಹೋಗ್ತಾರ. ಅಲ್ಲೇ ಹತ್ತಿರ ಇರುವ ರಂಗೀನ್ ಮಹಲ್ ಕಣ್ಣಿಗೆ ಬೀಳೋದೇ ಇಲ್ಲ, ಯಾಕಂದ್ರೆ ಹೊರಗಿನಿಂದ ಅದು ಸಾದಾ ಗೋಡೆ. ಬಣ್ಣ ಎಲ್ಲ ಒಳಗೆ.

ಈಗ ಕಾಣುವ ರೂಪ ಕೊಟ್ಟವನು ಬರೀದ್ ಶಾಹಿ ಅರಸ ಅಲೀ ಬರೀದ್ (1542–1580) ಅಂತ ಇತಿಹಾಸ ಹೇಳುತ್ತದೆ. ಹಜಾರದಲ್ಲಿ ಕೆತ್ತನೆಯ ಮರದ ಕಂಬಗಳು, ಗೋಡೆಗೆ ಬಣ್ಣದ ಹೆಂಚಿನ ಬಿಲ್ಲೆಗಳು. ನನಗೆ ಎಲ್ಲಕ್ಕಿಂತ ದೊಡ್ಡದು ಒಳಕೋಣೆಯ ಬಾಗಿಲು. ಕಪ್ಪು ಕಲ್ಲನ್ನು ಕೊರೆದು ಆ ಗೆರೆಯೊಳಗೆ ಮುತ್ತಿನ ಚಿಪ್ಪಿನ ಚೂರು ಕೂರಿಸಿದ್ದಾರೆ. ಬಿದ್ರಿಯಲ್ಲಿ ಕಪ್ಪು ಲೋಹದೊಳಗೆ ಬೆಳ್ಳಿ ಕೂರಿಸ್ತಾರಲ್ಲ, ಅದೇ ಕೈಚಳಕ ಇಲ್ಲಿ ಕಲ್ಲಿನಲ್ಲಿ ಅದ. ಬಿದ್ರಿ ಕಪ್ಪಾಗೋದಕ್ಕೂ ಇದೇ ಕೋಟೆಯ ಮಣ್ಣು ಬೇಕು!

ಶಾಲೆಯಲ್ಲಿ ನಮಗೆ ಅಲೀ ಬರೀದನ ಹೆಸರು ಹೇಳಿಕೊಟ್ರು. ಚಿಪ್ಪು ಕೂರಿಸಿದ ಕೈ ಯಾರದು? ಕೇಳಲಿಲ್ಲ, ಹೇಳಲಿಲ್ಲ. ಕೋಟೆಯ ಕಂದಕ ನೋಡ್ರಿ, ಬಂಡೆಯನ್ನೇ ಕಡಿದು ಮೂರು ಸಾಲು ಮಾಡಿದ್ದಾರೆ. ಜಂಬಿಟ್ಟಿಗೆ ಅಂತ ಪುಸ್ತಕದಲ್ಲಿ ಬರೀತಾರ, ನಮಗದು ಕೆಂಪು ಕಲ್ಲು. ಕಡಿಯುವಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಕಡಿದವರು, ಹೊತ್ತವರು ಯಾವ ಕೇರಿಯವರು ಅಂತ ಅರಮನೆಯ ಇತಿಹಾಸ ಬರೆದವರಿಗೆ ಬೇಕಾಗಿರಲಿಲ್ಲ.

ಇವತ್ತು ಈ ಅರಸರ ಮನೆಗೆ ಕಾನೂನಿನ ಕಾವಲು ಅದ. ಇರಬೇಕು ಕೂಡ, ಆ ಚಿಪ್ಪಿನ ಒಂದು ಚೂರೂ ಹೋಗಬಾರದು. ಆದ್ರೆ 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಪ್ರಕಾರ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟಂಗಿಲ್ಲ, ಇದ್ದ ಮನೆ ರಿಪೇರಿಗೂ ಅನುಮತಿ ಬೇಕು. ಅದರಾಚೆ 200 ಮೀಟರ್ ಕಟ್ಟೋದಕ್ಕೂ ಅನುಮತಿ. ತಪ್ಪಿದ್ರೆ 2 ವರ್ಷದವರೆಗೆ ಜೈಲು, ಇಲ್ಲಾ 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಹಣ ಇದ್ದವನು ಬೇರೆ ಕಡೆ ಪ್ಲಾಟ್ ತಗೋತಾನ. ತಗಡಿನ ಮನೆಯವಳು ಮಳೆಗಾಲಕ್ಕೆ ಮುಂಚೆ ಗೋಡೆ ಎತ್ತಬೇಕಂದ್ರೆ?

ಹಳೆ ಊರಿನಲ್ಲಿ, ಕೋಟೆ ಮತ್ತು ಗವಾನ್ ಮದರಸಾ ಸುತ್ತ ಇರೋರು ಮನೆಗೆ ಕೈ ಹಚ್ಚೋ ಮೊದಲು ದೂರ ಅಳೆಸಿಕೊಳ್ರಿ. ಅರ್ಜಿ ಬರವಣಿಗೆಯಲ್ಲೇ ಕೊಡ್ರಿ, ಸ್ವೀಕೃತಿ ತಗೊಳ್ರಿ, ಈಗಿರುವ ಗೋಡೆಯ ಫೋಟೊ ತೆಗೆದಿಡ್ರಿ. ಅರ್ಜಿ ಬರೆಯೋಕೆ ಬರಲ್ಲ ಅನ್ನೋರು ಮೆಸೇಜ್ ಮಾಡ್ರಿ, ಕೂತು ಬರೆಯೋಣ.