ಟಿಕೆಟ್ಟಿಲ್ಲದೆ ಇಳಿದ ಮಕ್ಕಳು

ಕಲಬುರಗಿ, ಸೊಲ್ಲಾಪುರ ದಾಟಿ ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಘಟ್ಟ ಇಳಿದು ಕಲ್ಯಾಣಕ್ಕೆ ಬರುತ್ತದೆ. ನಾಸಿಕದ ಹಳಿ, ಪುಣೆಯ ಹಳಿ ಎರಡೂ ಕೂಡುವುದು ಇಲ್ಲೇ. ಮನೆ ಬಿಟ್ಟು ಓಡಿಬಂದ ಮಕ್ಕಳ ಹಾದಿಗಳೂ ಇಲ್ಲೇ ಕೂಡುತ್ತವೆ. ಪರೀಕ್ಷೆಯಲ್ಲಿ ನಪಾಸಾದವನು, ಕುಡಿದ ಅಪ್ಪನ ಹೊಡೆತ ತಾಳಲಾರದವನು, ಸಿನಿಮಾದಲ್ಲಿ ಕಂಡ ಊರನ್ನು ನೋಡಲು ಹೊರಟವನು. ಇಂಥವರನ್ನು ಪ್ಲಾಟ್‌ಫಾರ್ಮಿನಲ್ಲೇ ಗುರುತಿಸಿ ಮಾತಾಡಿಸುವ ಕೆಲಸ ಠಾಣೆಯ ಸಮತೋಲ್ ಫೌಂಡೇಶನ್ನಿನದು. ಹುಡುಗರನ್ನು ಕಲ್ಯಾಣದ ಬಳಿಯ ಮಾಮ್ನೋಲಿಯಲ್ಲಿ ಸುಮಾರು 45 ದಿನದ ‘ಮನಪರಿವರ್ತನ ಶಿಬಿರ’ದಲ್ಲಿ ಇರಿಸಿಕೊಂಡು, ಆಮೇಲೆ ಹೆತ್ತವರಿಗೆ ಒಪ್ಪಿಸುತ್ತಾರೆ.

ಇಷ್ಟು ದಿನ ಏಕೆ ಬೇಕು? ಓಡಿಬಂದ ಮಗು ಮೊದಲ ದಿನ ಹೇಳುವ ಹೆಸರು, ಊರು ಎರಡೂ ಸುಳ್ಳಿರಬಹುದು. ಹೊತ್ತಿಗೆ ಸರಿಯಾಗಿ ಊಟ, ಆಟ, ನಿದ್ದೆ ಸಿಕ್ಕಿ, ದಿನವೂ ಅದೇ ಮುಖಗಳು ಕಂಡು ನಂಬಿಕೆ ಹುಟ್ಟಿದ ಮೇಲೇ ನಿಜ ಬಾಯಿಗೆ ಬರುತ್ತದೆ. ಈ ತಿಳಿವಳಿಕೆ ಮುಂಬೈ–ಠಾಣೆಯ ಸೀಮೆಗೆ ಬಂದದ್ದು ನಿಧಾನವಾಗಿ.

ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಮರುವರ್ಷ ಹಳಿ ಕಲ್ಯಾಣ ತಲುಪಿತು. ಆ ಕಾಲದ ಸರ್ಕಾರಕ್ಕೆ ದಿಕ್ಕಿಲ್ಲದ ಮಗು ಎಂದರೆ ಮುಂದೆ ಕಳ್ಳನಾಗುವವನು. 1850ರ ಅಪ್ರೆಂಟಿಸ್ ಕಾಯಿದೆ ಹತ್ತರಿಂದ ಹದಿನೆಂಟು ವರ್ಷದ ಅನಾಥರನ್ನೂ ಬಡ ಮಕ್ಕಳನ್ನೂ ಕಸುಬಿಗೆ ಹಚ್ಚಲು ದಾರಿ ಮಾಡಿತು. ಡೇವಿಡ್ ಸಾಸೂನರ ನೆರವಿನಿಂದ 1857ರಲ್ಲಿ ಮುಂಬೈಯಲ್ಲಿ ಸುಧಾರಣಾ ಶಾಲೆ ನೆಲೆಗೊಂಡಿತು. ಅಪರಾಧದಲ್ಲಿ ಸಿಕ್ಕಿಬಿದ್ದ ಹುಡುಗನನ್ನು ಜೈಲಿನಿಂದ ತಪ್ಪಿಸಿದ್ದು ಸಣ್ಣ ಉಪಕಾರವಲ್ಲ. ಆದರೆ ಅಲ್ಲಿನ ಗುರಿ ಮಗುವಿನ ಕೈಗೆ ಕೆಲಸ ಕೊಡುವುದಾಗಿತ್ತು. ರಾತ್ರಿ ಬೆಚ್ಚಿ ಎದ್ದವನ ಪಕ್ಕದಲ್ಲಿ ಕೂರುವವರು ಯಾರು ಎಂಬ ಪ್ರಶ್ನೆ ಇನ್ನೂ ಎದ್ದಿರಲಿಲ್ಲ.

ಕನ್ನಡಿಗರಿಗೆ ಈ ಕಥೆ ಹೊರಗಿನದಲ್ಲ. ಕುಂದಾಪುರ, ಉಡುಪಿ, ಮಂಗಳೂರು ಕಡೆಯಿಂದ ಎಷ್ಟು ಹುಡುಗರು ಮನೆಯಲ್ಲಿ ಹೇಳಿಯೋ ಹೇಳದೆಯೋ ಮುಂಬೈಗೆ ಬಂದು ಹೋಟೆಲ್ ಮಾಣಿಗಳಾದರು! ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಗಿರಾಕಿಗಳೆಲ್ಲ ಎದ್ದ ಮೇಲೆ ಹೋಟೆಲಿನಲ್ಲೇ ಮಲಗಿದವರು ಅವರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳ ಋಣ ದೊಡ್ಡದು. ಅಲ್ಲಿ ತಾಯಿನುಡಿ ಆಡುವ ಮೇಷ್ಟ್ರಾದರೂ ಸಿಗುತ್ತಿದ್ದರು. ಆದರೆ ಜ್ವರ ಬಂದ ರಾತ್ರಿ ಆ ಹುಡುಗನ ಗತಿ ಹೋಟೆಲ್ ಧಣಿಯ ಮನಸ್ಸಿಗೆ ಬಿಟ್ಟದ್ದಾಗಿತ್ತು.

1924ರ ಬಾಂಬೆ ಮಕ್ಕಳ ಕಾಯಿದೆಯಿಂದ ನೋಟ ಬದಲಾಗತೊಡಗಿತು. 1927ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ ಹುಟ್ಟಿತು. 1937ರಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ದೇಶದ ಮೊದಲ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯ ತೆರೆಯಿತು. ಹುಡುಗ ಕದ್ದ, ಓಡಿದ ಎಂದಾಗ ಅವನಿಗೇನು ನೋವಾಗಿದೆ, ಮನೆಯಲ್ಲೇನು ನಡೆದಿದೆ ಎಂದು ಕೇಳುವ ಜಾಗ ಅದು. 1941ರಲ್ಲಿ ಸೊಸೈಟಿ ಮಾನಖುರ್ದದಲ್ಲಿ, ಈಗ ವಾಶಿಯತ್ತ ಖಾಡಿ ದಾಟುವ ಮುನ್ನ ಸಿಗುವ ಊರಿನಲ್ಲಿ, ಬುದ್ಧಿಮಾಂದ್ಯ ಮಕ್ಕಳಿಗಾಗಿಯೇ ಒಂದು ವಸತಿಗೃಹ ತೆರೆಯಿತು.

ಹೆಚ್ಚುಕಡಿಮೆ ಅದೇ ಹೊತ್ತಿಗೆ, ವಿಯೆನ್ನಾ ಬಿಟ್ಟು ಓಡಿಬಂದ ವೈದ್ಯ ಕಾರ್ಲ್ ಕೋನಿಗ್ ಮತ್ತು ಗೆಳೆಯರು 1940ರಲ್ಲಿ ಸ್ಕಾಟ್ಲೆಂಡಿನ ಕ್ಯಾಂಪ್‌ಹಿಲ್‌ನಲ್ಲಿ ನೆಲೆಯೂರಿದರು. ವಿಶೇಷ ಮಕ್ಕಳೂ ಅವರನ್ನು ನೋಡಿಕೊಳ್ಳುವವರೂ ಒಂದೇ ಸೂರಿನಡಿ, ಒಂದೇ ಪಂಕ್ತಿಯಲ್ಲಿ. ದಿನದ ಬದುಕೇ ಅಲ್ಲಿ ಚಿಕಿತ್ಸೆ. ಆ ಪರಂಪರೆಯ ಒಂದು ಕುಡಿ ಈಗ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲೂ ಇದೆ. ಮುಂಬೈಯಲ್ಲಿ 1962ರಲ್ಲಿ ಜೆಸುಯಿಟ್ ಪಾದ್ರಿಯೊಬ್ಬರು ಆರಂಭಿಸಿದ ಸ್ನೇಹಸದನ ಬೀದಿಮಕ್ಕಳಿಗೆ ದೊಡ್ಡ ಹಾಸ್ಟೆಲ್ ಕಟ್ಟುವ ಬದಲು ಬೇರೆ ಬೇರೆ ಪುಟ್ಟ ಮನೆಗಳನ್ನು ಮಾಡಿತು. ಮನೆಗೊಬ್ಬ ತಾಯಿ, ತಂದೆ. ಮಕ್ಕಳು ಓದುವುದು ನೆರೆಯ ಶಾಲೆಯಲ್ಲಿ. ಈ ಇಡೀ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆ ಯಾವುದೆಂದರೆ ಇದೇ: ಮಗುವಿಗೆ ಕಾವಲುಗಾರನ ಬದಲು ಜೊತೆಗೆ ಕೂತು ಉಣ್ಣುವ ಹಿರಿಯರೊಬ್ಬರು ಸಿಕ್ಕಿದ್ದು.

ಕಾನೂನು ಹಿಂದೆ ಹಿಂದೆ ಬಂತು. 1986ರ ಬಾಲನ್ಯಾಯ ಕಾಯಿದೆಯಲ್ಲಿ ‘ರಿಮ್ಯಾಂಡ್ ಹೋಮ್’ ವೀಕ್ಷಣಾಲಯವಾಯಿತು; ಭಿವಂಡಿಯಲ್ಲಿ ಅಂಥದೊಂದಿದೆ. ಮುಂದೆ ಬಂದ ನಿಯಮಗಳಲ್ಲಿ ಗೃಹಮಾತೆ, ಗೃಹಪಿತರಿಗೂ ಸ್ಥಾನ ಸಿಕ್ಕಿತು. 2015ರ ಕಾಯಿದೆ ಇನ್ನೂ ಮುಂದೆ ಹೋಗಿ, ಮಗುವನ್ನು ಸಂಸ್ಥೆಗೆ ಸೇರಿಸುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ ಎಂದಿತು. ಬಡತನಕ್ಕೆ ಅಂಜಿ ಮಗುವನ್ನು ಬಾಲಮಂದಿರಕ್ಕೆ ಬಿಡುವ ತಾಯಂದಿರು ಇರುವ ಸೀಮೆಯಲ್ಲಿ ಇದಕ್ಕೆ ದುಡ್ಡೂ ಬೇಕು. ಮಹಾರಾಷ್ಟ್ರದ ಬಾಲಸಂಗೋಪನ ಯೋಜನೆ, ಅಂಥ ಮಗುವನ್ನು ಮನೆಯಲ್ಲೇ ಬೆಳೆಸಲು ತಿಂಗಳಿಗೆ 425 ರೂಪಾಯಿ ಕೊಡುತ್ತಿದ್ದದ್ದು ಮೊದಲು 1,100, ಆಮೇಲೆ 2,250 ಆಯಿತು. ಕಲ್ಯಾಣದ ಚಾಳಿನಲ್ಲಿ ಒಂದು ಖೋಲಿಯ ಬಾಡಿಗೆಗೂ ಅದು ಸಾಲದು.